ಹವಾಯಿಗೆ ಹೊರಟಿದ್ದ ಬಿಲ್ಲೆ

ಡಬ್ಬಿ ಹುಡುಕಿದ್ದು ನಾನಲ್ಲ, ನಮ್ಮಪ್ಪ.

2024ರ ಅಕ್ಟೋಬರ್, ಒಂದು ಶನಿವಾರ. ಸಿಯಾಟಲ್ ಹತ್ತಿರದ ಟೈಗರ್ ಮೌಂಟನ್ ಕಾಡಿನಲ್ಲಿ ನಾನು ಫೋನ್ ನೋಡ್ಕೊಂಡು ಒಂದೇ ಮರಕ್ಕೆ ಪ್ರದಕ್ಷಿಣೆ ಹಾಕ್ತಾ ಇದ್ದೆ. ಜಿಪಿಎಸ್ ಬಾಣ ಒಮ್ಮೆ ಎಡಕ್ಕೆ ತೋರಿಸುತ್ತೆ, ಒಮ್ಮೆ ಬಲಕ್ಕೆ. ದಟ್ಟ ಮರಗಳ ಕೆಳಗೆ ಅದರ ಹಣೆಬರಹವೇ ಅಷ್ಟು. ಊರಿಂದ ಬಂದು ಆಗಷ್ಟೇ ಒಂದು ತಿಂಗಳಾಗಿದ್ದ ಅಪ್ಪ ಜರ್ಕಿನ್ ಜೇಬಿಗೆ ಬಲಗೈ ಹಾಕಿ ನಿಂತು ಸ್ವಲ್ಪ ಹೊತ್ತು ನನ್ನ ಅವಸ್ಥೆ ನೋಡಿದರು. ಆಮೇಲೆ ಬಿದ್ದಿದ್ದ ಒಂದು ದಿಮ್ಮಿಯ ಪಕ್ಕ ಹೋಗಿ, ಕಾಲಲ್ಲೇ ಜರೀಗಿಡ ಸರಿಸಿ, "ಇದಾ ನೋಡ್ಲಾ" ಅಂದರು. ಹಸಿರು ಬಣ್ಣದ ತಗಡಿನ ಡಬ್ಬಿ. ಮಿಲಿಟರಿಯವರು ಗುಂಡು ತುಂಬಿಡುವಂಥದ್ದು.

"ಹೆಂಗಪ್ಪ ಗೊತ್ತಾಯ್ತು?"

"ಅಲ್ಲಿ ಕಡ್ಡಿಗಳು ಸಾಲಾಗಿ ಬಿದ್ದಿದ್ವು. ಗಾಳಿಗೆ ಬಿದ್ದ ಕಡ್ಡಿ ಅಂಗೆ ಬೀಳಾಕಿಲ್ಲ."

ಈ ಆಟದಲ್ಲಿ ಪಳಗಿದವರು ಮೊದಲು ನೋಡೋದು ಅದನ್ನೇ, ಸಹಜವಲ್ಲದ ಕಡ್ಡಿ ರಾಶಿ. ನನಗೆ ಅದು ತಿಳಿಯೋಕೆ ಎರಡು ವರ್ಷ ಬೇಕಾಯ್ತು. ಅಪ್ಪನಿಗೆ ಎರಡು ನಿಮಿಷ. ಮಂಡ್ಯದ ಕಬ್ಬಿನ ಗದ್ದೇಲಿ ಹಾವು ಎಲ್ಲಿರುತ್ತೆ ಅಂತ ನೋಡಿಯೇ ಹೇಳುವ ಮನುಷ್ಯ ಅವರು.

ಆಟದ ಹೆಸರು ಜಿಯೋಕ್ಯಾಶಿಂಗ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕ್ತಾರೆ. ಉಳಿದವರು ಹುಡುಕ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರ್ತಾರೆ. ದುಡ್ಡಿಲ್ಲ, ಬಹುಮಾನವಿಲ್ಲ. "ಇದಕ್ಕಾ ಇಷ್ಟು ದೂರ ಬಂದಿದ್ದು?" ಅಂತ ಅವ್ವ ಮೊದಲ ದಿನವೇ ಕೇಳಿದ್ದರು. ಇದು ಹುಟ್ಟಿದ ದಿನಾಂಕ ನನ್ನಂಥ ಸಾಫ್ಟ್‌ವೇರ್ ಜನಕ್ಕೆ ಬಹಳ ಇಷ್ಟವಾಗುವಂಥದ್ದು. ಮೊದಲೆಲ್ಲ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕಂತಲೇ ತಪ್ಪು ಸೇರಿಸ್ತಿತ್ತು, ನೂರು ಮೀಟರ್‌ವರೆಗೂ ಆಚೀಚೆ ಆಗ್ತಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಕನ್ಸಲ್ಟೆಂಟ್ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಹೂತಿಟ್ಟು, ಜಾಗದ ಅಂಕಿ ಹಾಕಿ, "ಹುಡುಕಿ ನೋಡೋಣ" ಅಂದರು. ಅದರಲ್ಲಿ ಒಂದು ಬೀನ್ಸ್ ಡಬ್ಬವೂ ಇತ್ತು. ಈಗ ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ, ಬೆಂಗಳೂರಿನಲ್ಲೂ ಒಂದಷ್ಟಿವೆ. ಇದನ್ನೆಲ್ಲ ನಡೆಸುವ ಕಂಪನಿಯ ಮುಖ್ಯ ಕಚೇರಿ ಇರೋದು ಸಿಯಾಟಲ್‌ನಲ್ಲೇ.

ಅವತ್ತು ಅಪ್ಪ ಹುಡುಕಿದ ಡಬ್ಬಿಯಲ್ಲಿ ಮಕ್ಕಳ ಆಟದ ಕಾರು, ಒಂದು ಪೆನ್ಸಿಲ್, ಎರಡು ಗೋಲಿ, ಮತ್ತೆ ಒಂದು ಬಿಲ್ಲೆ ಇತ್ತು. ಹಳೆ ಕಾಲದ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದು, ಕಂಚಿನ ಬಣ್ಣ. ಒಂದು ಕಡೆ ದ್ವೀಪಗಳ ಸಾಲು. ಇನ್ನೊಂದು ಕಡೆ ಒಂದು ಕೈ: ಹೆಬ್ಬೆರಳು, ಕಿರುಬೆರಳು ಚಾಚಿಕೊಂಡಿವೆ, ನಡುವಿನ ಮೂರು ಬೆರಳು ಮಡಚಿವೆ. ಅಂಚಿನಲ್ಲಿ ಆರು ಅಕ್ಷರಗಳ ಒಂದು ಗುಪ್ತ ಕೋಡ್.

ಅಪ್ಪ ಅದನ್ನು ಎಡಗೈಯಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದರು. "ಅದೇನ್ಲಾ ಚಿತ್ರ?"

"ಫೋನ್ ಮಾಡು ಅಂತ ಅಪ್ಪ," ಅಂದೆ.

ಸುಳ್ಳು. ಅದು ಶಾಕಾ ಅಂತ ನನಗೆ ಗೊತ್ತಿತ್ತು. ಹವಾಯಿಯ ಕೈಸನ್ನೆ, ಚೆನ್ನಾಗಿದ್ದೀಯಾ, ಥ್ಯಾಂಕ್ಸ್, ಆರಾಮಾಗಿರು, ಎಲ್ಲಕ್ಕೂ ಅದೊಂದೇ. ರೊನಾಲ್ಡಿನೊ ಗೋಲು ಹೊಡೆದು ಕೈ ಅಲ್ಲಾಡಿಸ್ತಿದ್ದನಲ್ಲ, ಅದೇ. ನಮ್ಮ ಬೆಂಗಳೂರಿನಲ್ಲಿ ಕಿವಿ ಹತ್ತಿರ ಹಿಡಿದರೆ ಫೋನ್ ಮಾಡು ಅಂತ, ಬಾಯಿ ಹತ್ತಿರ ಹಿಡಿದರೆ ಸಾಯಂಕಾಲ ಎಲ್ಲಿ ಸೇರೋಣ ಅಂತ. ಭರತನಾಟ್ಯ ಕಲಿತಿರುವ ನನ್ನ ಹೆಂಡತಿ ಬಿಲ್ಲೆ ನೋಡಿದ ಕೂಡಲೇ "ಅರೆ, ಮೃಗಶೀರ್ಷ!" ಅಂದಳು. ಆಮೇಲೆ ತಾನೇ ತಿದ್ದಿಕೊಂಡಳು, ಮೃಗಶೀರ್ಷದಲ್ಲಿ ಮೂರು ಬೆರಳು ಬುಡದಲ್ಲಿ ಮಾತ್ರ ಬಾಗುತ್ತವೆ, ಹೀಗೆ ಮುಷ್ಟಿ ಕಟ್ಟೋದಿಲ್ಲ ಅಂತ. ಇಷ್ಟು ಅರ್ಥ ಇರುವ ಒಂದು ಕೈಯನ್ನು ಅಪ್ಪನಿಗೆ ಸರಿಯಾಗಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಕಾರಣ ಮುಂದೆ ಹೇಳ್ತೀನಿ.

ಇಂಥ ಬಿಲ್ಲೆಗೆ ಅದರದ್ದೇ ಒಂದು ಪುಟ ಇರುತ್ತೆ. ಕೋಡ್ ಹಾಕಿದರೆ ಅದು ಎಲ್ಲಿ ಹುಟ್ಟಿತು, ಯಾವ ಯಾವ ಡಬ್ಬಿಯಲ್ಲಿ ಇತ್ತು, ಎಷ್ಟು ಕಿಲೋಮೀಟರ್ ಓಡಾಡಿದೆ ಎಲ್ಲ ಕಾಣುತ್ತೆ. ಸಿಕ್ಕಿದವರು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಎರಡು ವಾರದ ಒಳಗೆ ಇನ್ನೊಂದು ಡಬ್ಬಿಗೆ ದಾಟಿಸೋದು ಮರ್ಯಾದೆ. ಮಾಲೀಕರು ಅದಕ್ಕೊಂದು ಗುರಿ ಬರೆದಿರ್ತಾರೆ. ಇದರ ಮಾಲೀಕರು ಜರ್ಮನಿಯವರು, ಹವಾಯಿಗೆ ಹೋಗಿಬಂದ ಸಂತೋಷಕ್ಕೆ ಬಿಟ್ಟಿದ್ದು. ಗುರಿ ಇಷ್ಟೇ: "ಕೈಯಿಂದ ಕೈಗೆ ಹೋಗಲಿ. ಸಿಕ್ಕಿದವರು ಶಾಕಾ ಹಾಕಿ ಫೋಟೊ ಹಾಕಿ. ಕೊನೆಗೆ ಹವಾಯಿಗೆ ತಲುಪಿಸಿ." ಪುಟದ ತುಂಬ ಕೈಗಳು. ಗ್ಲೌಸ್ ಹಾಕಿದ ಕೈ, ಸುಕ್ಕುಗಟ್ಟಿದ ಕೈ, ಒಂದು ಮಗುವಿನ ಕೈ, ಯಾರದೋ ನಾಯಿಯ ಪಂಜ.

ಡಿಸೆಂಬರ್ ಕೊನೆಗೆ ಅಪ್ಪ ಅವ್ವನ ಜೊತೆ ಹವಾಯಿಗೆ ಹೋಗೋಕೆ ನಾವು ಆಗಲೇ ಟಿಕೆಟ್ ಮಾಡಿಸಿದ್ದೆವು. ಇನ್ನೇನು ಬೇಕು, ನಾನೇ ತಲುಪಿಸ್ತೀನಿ ಅಂತ ಬಿಲ್ಲೆ ಜೇಬಿಗೆ ಹಾಕಿಕೊಂಡೆ. ಎರಡು ವಾರದ ಮರ್ಯಾದೆ ಅಲ್ಲಿಗೆ ಮುಗೀತು. ನವೆಂಬರ್‌ನಲ್ಲಿ ಮಾಲೀಕರಿಂದ ಬಹಳ ವಿನಯದ ಒಂದು ಮೆಸೇಜ್ ಬಂತು, ಬಿಲ್ಲೆ ಕ್ಷೇಮವೇ ಅಂತ. ಕ್ಷೇಮ, ಹವಾಯಿಗೆ ಹೊರಟಿದೆ ಅಂತ ಬರೆದೆ.

ಬಿಲ್ಲೆ ಸಿಕ್ಕಿದ ರಾತ್ರಿಯೇ ಈ ಶಾಕಾ ಎಲ್ಲಿಂದ ಬಂತು ಅಂತ ಓದ್ತಾ ಕೂತಿದ್ದೆ. ಬಹಳಷ್ಟು ಹವಾಯಿ ಜನ ಹೇಳೋದು ಹಮನಾ ಕಲಿಲಿ ಎಂಬುವರ ಕಥೆ. ಒವಾಹು ದ್ವೀಪದ ಲಾಯಿಯೇ ಊರಿನವರು. ಹತ್ತಿರದ ಕಹುಕು ಸಕ್ಕರೆ ಮಿಲ್‌ನಲ್ಲಿ ಕೆಲಸ. ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಸಿಕ್ಕಿಕೊಂಡು ನಡುವಿನ ಮೂರು ಬೆರಳು ಹೋದವು. ಆ ಕೈಯಲ್ಲಿ ಮಿಲ್ ಕೆಲಸ ಆಗಲ್ಲ ಅಂತ ಕಬ್ಬು ಸಾಗಿಸುವ ರೈಲಿಗೆ ಕಾವಲು ಹಾಕಿದರು. ಊರ ಹುಡುಗರಿಗೆ ಆ ರೈಲಿಗೆ ಹತ್ತಿ ಪುಕ್ಕಟೆ ಸವಾರಿ ಮಾಡುವ ಚಟ. ಕಲಿಲಿ ಕೈ ಬೀಸಿ ಓಡಿಸ್ತಿದ್ದರು. ಅವರು ಆಚೆ ಹೋದರು, ದಾರಿ ಸಲೀಸು ಅಂತ ಹುಡುಗರು ಒಬ್ಬರಿಗೊಬ್ಬರು ಸನ್ನೆ ಮಾಡ್ತಿದ್ದದ್ದು ಅವರ ಕೈಯ ಹಾಗೇ ಮೂರು ಬೆರಳು ಮಡಚಿ. ಅದೇ ಊರಿಗೆಲ್ಲ ಹಬ್ಬಿತು. ಕಥೆಗೆ ಬೇರೆ ಬೇರೆ ರೂಪಗಳೂ ಇವೆ, ಆದರೆ ಹೆಸರು ಅವರದೇ. ಮುಂದೆ ಹೊನೊಲುಲುವಿನ ಹಳೆ ಕಾರು ವ್ಯಾಪಾರಿ ಲಿಪ್ಪಿ ಎಸ್ಪಿಂಡಾ ಟಿವಿ ಜಾಹೀರಾತಿನಲ್ಲಿ ಶಾಕಾ ಹಾಕಿ ಮನೆಮಾತು ಮಾಡಿದರು. 1970ರ ದಶಕದಲ್ಲಿ ಮೇಯರ್ ಫ್ರಾಂಕ್ ಫಾಸಿ ಚುನಾವಣಾ ಪ್ರಚಾರಕ್ಕೂ ಬಳಸಿಕೊಂಡರು. (ಮಂಡ್ಯದಲ್ಲಿ ಕೈ ಗುರುತು ಅಂದರೆ ಐದೂ ಬೆರಳು ಇರಬೇಕು, ಅದು ಬೇರೆ ವಿಷಯ.) 2024ರ ಜೂನ್‌ನಲ್ಲಿ ಹವಾಯಿ ಸರ್ಕಾರ ಕಾನೂನು ಮಾಡಿ ಶಾಕಾವನ್ನು ರಾಜ್ಯದ ಅಧಿಕೃತ ಕೈಸನ್ನೆ ಎಂದು ಘೋಷಿಸಿತು. ನಮಗೆ ರಾಜ್ಯಪಕ್ಷಿ ನೀಲಕಂಠ ಇದ್ದ ಹಾಗೆ ಅವರಿಗೆ ರಾಜ್ಯಸನ್ನೆ. ಯಾವ ಬೆರಳು ಚಾಚಬೇಕು, ಯಾವುದು ಮಡಚಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ.

ಓದ್ತಾ ಓದ್ತಾ ನನಗೆ ಕೈ ತಣ್ಣಗಾಯ್ತು.

ನಮ್ಮಪ್ಪನಿಗೂ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಇಲ್ಲ. ಉಂಗುರದ ಬೆರಳು ಅರ್ಧ ಇದೆ. ನಾನು ಎರಡನೇ ಕ್ಲಾಸಿನಲ್ಲಿದ್ದೆ. ನಮ್ಮ ಕಬ್ಬು ಆಲೆಮನೆಯಲ್ಲಿ ಅರೆಯುತ್ತಿತ್ತು. ಗಾಣಕ್ಕೆ ಕಬ್ಬು ಕೊಡುವ ಆಳು ಅವತ್ತು ಬಂದಿರಲಿಲ್ಲ, ಅಪ್ಪ ತಾವೇ ಕೂತರು. ಬೆಳಗಿನ ಜಾವ, ನಿದ್ದೆಗಣ್ಣು. ಕಬ್ಬಿನ ಜೊತೆ ಕೈಯೂ ಹೋಯ್ತು. ಯಾರೋ ಓಡಿ ಕರೆಂಟು ತೆಗೆದರು. ನನಗೆ ನೆನಪಿರೋದು ಕೊಪ್ಪರಿಗೆಯಲ್ಲಿ ಬೆಲ್ಲ ತಳ ಹಿಡಿದ ವಾಸನೆ ಮಾತ್ರ. ಎಲ್ಲರೂ ಅಪ್ಪನ ಸುತ್ತ ಇದ್ದರು, ಪಾಕ ತಿರುವೋರು ಯಾರೂ ಇರಲಿಲ್ಲ.

ಅವತ್ತಿನಿಂದ ಅಪ್ಪನ ಬಲಗೈ ಟವಲ್ ಒಳಗೆ. ನನ್ನ ಮದುವೆ ಆಲ್ಬಮ್‌ನಲ್ಲಿ ಅವರಿರುವ ಒಂದು ಫೋಟೊದಲ್ಲೂ ಆ ಕೈ ಕಾಣಲ್ಲ. ಬೀಗರೂಟದಲ್ಲಿ ಪಂಕ್ತಿಯ ಕೊನೆಗೆ ಕೂರ್ತಾರೆ. ಮುದ್ದೆ ಮುರಿಯೋದು ಪಕ್ಕದವರಿಗೆ ಕಾಣಬಾರದು. ವೀಸಾಗೆ ಅಂತ ಚೆನ್ನೈಗೆ ಹೋಗುವ ಹಿಂದಿನ ರಾತ್ರಿ ಅವರಿಗೆ ನಿದ್ದೆ ಬಂದಿಲ್ಲ. ಹತ್ತು ಬೆರಳಿನ ಗುರುತು ಕೊಡಬೇಕು, ಎಲ್ಲಿಂದ ತರಲಿ ಅಂತ. ಅಲ್ಲಿದ್ದ ಹುಡುಗಿ ಕೈ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಇರೋದು ಇಡಿ ಸಾರ್, ಸಾಕು" ಅಂದಳಂತೆ. ಆ ಮಾತನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ಇರೋದು ಇಡಿ ಅಂದ್ಲು ಕಣ್ಲಾ."

ಈಗ ನನ್ನ ವಿಷಯ. ನಾನು ಪಿಯುಸಿಗೆ ಮೈಸೂರಿನ ಒಂದು ಹಾಸ್ಟೆಲ್ ಸೇರಿದೆ. ಅಪ್ಪ ಭಾನುವಾರ ಭಾನುವಾರ ಬಸ್ಸಿನಲ್ಲಿ ಬರ್ತಿದ್ದರು, ಚಕ್ಕುಲಿ, ಹುರಿಗಾಳು, ಒಂದು ಅಚ್ಚು ಬೆಲ್ಲ. ಬ್ಯಾಗ್ ಕೊಡುವಾಗ ಟವಲ್ ಜಾರ್ತಿತ್ತು. ನನ್ನ ರೂಮಿನ ಹುಡುಗರು ನೋಡಿದರು. ಮಾರನೇ ದಿನದಿಂದ ಶುರು. ಊಟದ ಹಾಲ್‌ನಲ್ಲಿ ಒಬ್ಬ ನಡುವಿನ ಮೂರು ಬೆರಳು ಮಡಚಿ, ಕೈ ಅಲ್ಲಾಡಿಸಿ, "ಮಗಾ, ಊಟ ಆಯ್ತೇನ್ಲಾ?" ಅಂತ ಅಪ್ಪನ ದನಿಯಲ್ಲಿ ಕೇಳೋನು. ಆಮೇಲೆ ಅದೇ ನಮ್ಮ ರೂಮಿನ ನಮಸ್ಕಾರವಾಯ್ತು. ಬೆಳಗ್ಗೆ ಎದ್ದರೆ ಅದು, ಕ್ಲಾಸಿಗೆ ಹೋಗುವಾಗ ಅದು. ಒಂದು ದಿನ ಅವರು ಮಾಡಿದಾಗ ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಕೈ ಎತ್ತಿ ವಾಪಸ್ ಮಾಡಿದೆ. ಅದಾದ ಮೇಲೆ ಅವರು ನನ್ನನ್ನು ಕಾಡೋದು ಕಡಿಮೆಯಾಯ್ತು.

ಮತ್ತೆ ಅಪ್ಪನಿಗೆ ಹೇಳಿದೆ, "ನೀನು ಹಾಸ್ಟೆಲ್‌ವರೆಗೂ ಬರಬೇಡ, ಸುಮ್ನೆ ನಡೀಬೇಕು. ಬಸ್ ಸ್ಟ್ಯಾಂಡಿಗೇ ನಾನು ಬರ್ತೀನಿ." ಎರಡು ವರ್ಷ ಅವರು ಬಸ್ ಸ್ಟ್ಯಾಂಡಿನಲ್ಲೇ ಕಾದರು.

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಹೀಗಿರುವಾಗ ಆ ಬಿಲ್ಲೆಯ ಮೇಲಿನ ಕೈ ಯಾವುದು ಅಂತ ಅಪ್ಪನಿಗೆ ಹೇಗೆ ಹೇಳೋದು?

ಡಿಸೆಂಬರ್ ಬಂತು. ಸಿಯಾಟಲ್‌ನಿಂದ ಹೊನೊಲುಲುಗೆ ಸುಮಾರು ಆರು ಗಂಟೆ ಪ್ರಯಾಣ. ಹೊರಗೆ ಬಂದ ಕೂಡಲೇ ಅಪ್ಪನಿಗೆ ಗೆಲುವು ಬಂತು. ಮೂರು ತಿಂಗಳ ಮಳೆ ಮೋಡ ನೋಡಿ ಸಾಕಾಗಿತ್ತು, ಇಲ್ಲಿ ಬಿಸಿಲು, ತೆಂಗು, ಬಾಳೆ, ಹಲಸಿನ ಥರದ ಬ್ರೆಡ್‌ಫ್ರೂಟ್ ಮರ. "ಇದು ನಮ್ಮೂರೇ ಬುಡು, ಸಮುದ್ರ ಒಂದು ಜಾಸ್ತಿ" ಅಂದರು. ಆದರೆ ಸೆಕೆಗೆ ಜರ್ಕಿನ್ ಹಾಕೋ ಹಾಗಿರಲಿಲ್ಲ. ಪ್ಯಾಂಟಿನ ಜೇಬೇ ಗತಿ.

ಎರಡನೇ ದಿನ ಕಾರು ಬಾಡಿಗೆಗೆ ತಗೊಂಡು ದ್ವೀಪದ ಉತ್ತರಕ್ಕೆ ಹೊರಟೆವು. ಕಮೆಹಮೆಹಾ ಹೈವೇ ಅಂತ ಹೆಸರು ದೊಡ್ಡದು, ಬಹುಪಾಲು ಎರಡೇ ಲೇನ್. ಒಂದು ಕಡೆ ಹಸಿರು ಬೆಟ್ಟ, ಇನ್ನೊಂದು ಕಡೆ ಕೈಗೆಟುಕುವ ಹಾಗೆ ಸಮುದ್ರ. ಅಪ್ಪ ಕಿಟಕಿಯಿಂದ ಏನನ್ನೋ ಹುಡುಕ್ತಿದ್ದರು.

"ಕಬ್ಬು ಎಲ್ಲೈತ್ಲಾ? ಸಕ್ಕರೆ ಊರು ಅಂದಿದ್ದೆ?"

ಇತ್ತು, ಈಗಿಲ್ಲ ಅಂದೆ. ಒಂದು ಕಾಲಕ್ಕೆ ಇಲ್ಲಿನ ದೊರೆ ಅಂದರೆ ಕಬ್ಬೇ. ಚೀನಾ, ಜಪಾನ್, ಪೋರ್ಚುಗಲ್, ಕೊರಿಯಾ, ಫಿಲಿಪ್ಪೀನ್ಸ್‌ನಿಂದ ಕೂಲಿಯವರನ್ನು ಹಡಗಿನಲ್ಲಿ ತುಂಬಿಕೊಂಡು ಬಂದರು. ಇವತ್ತಿನ ಹವಾಯಿ ಜನರಲ್ಲಿ ಬಹಳಷ್ಟು ಮಂದಿ ಆ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. ಕಹುಕು ಮಿಲ್ 1971ರಲ್ಲಿ ನಿಂತಿತು. ಮಾವಿ ದ್ವೀಪದಲ್ಲಿದ್ದ ಕಟ್ಟಕಡೆಯ ಮಿಲ್ 2016ರ ಡಿಸೆಂಬರ್‌ನಲ್ಲಿ ಕೊನೆಯ ಕಬ್ಬು ಅರೆಯಿತು.

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮಂಡ್ಯದವರಿಗೆ ಮಿಲ್ ನಿಲ್ಲೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಡೆ ಪಕ್ಕದ ದಾರಿಯಿಂದ ಹೈವೇಗೆ ಸೇರೋಕೆ ನಾನು ಕಾಯ್ತಾ ಇದ್ದೆ. ವಾಹನಗಳ ಸಾಲು ಮುಗಿಯೋ ಹಾಗಿಲ್ಲ. ಒಂದು ಹಳೆ ಪಿಕಪ್ ನಿಂತು ನಮಗೆ ಜಾಗ ಬಿಟ್ಟಿತು. ಇಲ್ಲಿ ಹೀಗೆ ಜಾಗ ಬಿಟ್ಟವರಿಗೆ ಶಾಕಾ ತೋರಿಸೋದು ಪದ್ಧತಿ, ನಮ್ಮಲ್ಲಿ ಹಾರ್ನ್ ಹೊಡೆಯೋ ಜಾಗಕ್ಕೆ. ನನ್ನ ಎರಡೂ ಕೈ ಸ್ಟೀರಿಂಗ್ ಮೇಲೆ, ಬಾಡಿಗೆ ಕಾರು, ಭಯ. "ಅಪ್ಪ, ಅವರಿಗೊಂದು ಕೈ ಎತ್ತು" ಅಂದೆ. ಅಪ್ಪ ಕಿಟಕಿಯಿಂದ ಎಡಗೈ ಎತ್ತಿದರು, ಐದೂ ಬೆರಳು ಬಿಡಿಸಿ, ಊರಲ್ಲಿ ಬಸ್ಸಿಗೆ ಎತ್ತುವ ಹಾಗೆ. ಪಿಕಪ್‌ನವನು ನಕ್ಕು ಶಾಕಾ ಅಲ್ಲಾಡಿಸಿದ.

"ಅದೇ ಬಿಲ್ಲೆ ಮ್ಯಾಲಿರೋದು," ಅಂದರು ಅಪ್ಪ. "ಫೋನ್ ಮಾಡು ಅಂತಾನಾ?"

ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. "ಇಲ್ಲ ಮಾವ, ಅದು ಇಲ್ಲಿಯವರ ನಮಸ್ಕಾರ. ನಿಮ್ಮ ಮಗ ಹೇಳಿಲ್ವಾ?"

ಮಗ ಹೇಳಿರಲಿಲ್ಲ.

ಲಾಯಿಯೇ ಊರಿಗೆ ಹನ್ನೊಂದಕ್ಕೆ ತಲುಪಿದೆವು. ಅಲ್ಲಿ ಹಮನಾ ಕಲಿಲಿಯವರ ಪ್ರತಿಮೆ ಇದೆ. ಜನ ಪಕ್ಕ ನಿಂತು ಶಾಕಾ ಹಾಕಿ ಫೋಟೊ ತೆಗೆಸಿಕೊಳ್ತಿದ್ದರು. ಅವ್ವ, ಹೆಂಡತಿ ಅಂಗಡಿಗಳ ಕಡೆ ಹೋದರು. ಅಪ್ಪ ಪ್ರತಿಮೆಯ ಮುಂದೆ ನಿಂತರು. ಬೇರೆಯವರು ಮುಖ ನೋಡ್ತಾರೆ, ಅಪ್ಪ ಕೈ ನೋಡಿದರು.

"ಯಾರ್ಲಾ ಇವ್ರು?"

ಇನ್ನು ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. "ಕಬ್ಬಿನ ಮಿಲ್‌ನಲ್ಲಿ ಕೆಲಸಕ್ಕಿದ್ದರಂತೆ ಅಪ್ಪ. ಗಾಣಕ್ಕೆ ಕೈ ಸಿಕ್ತಂತೆ."

"ಯಾವ ಕೈ?"

"ಬಲಗೈ."

ಅಪ್ಪನ ಬಲಗೈ ಜೇಬಿನಲ್ಲಿ ಸ್ವಲ್ಪ ಅಲ್ಲಾಡಿದ್ದು ಕಾಣಿಸ್ತು.

"ಆಮ್ಯಾಕೆ? ಕೆಲಸದಿಂದ ತೆಗೆದ್ರಾ?"

"ಇಲ್ಲ, ಕಬ್ಬಿನ ರೈಲು ಕಾಯೋ ಕೆಲಸ ಕೊಟ್ಟರಂತೆ."

"ಒಳ್ಳೇದು ಮಾಡಿದ್ರು." ಸ್ವಲ್ಪ ಸುಮ್ಮನಿದ್ದು, "ಐಕ್ಳು ಅಣಕಿಸ್ತಿದ್ರಾ?"

ಇಷ್ಟೆಲ್ಲ ಓದಿದ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ರೈಲಿನ ಹುಡುಗರು ಆ ಕೈಯನ್ನು ಮಾಡಿ ತೋರಿಸ್ತಿದ್ದದ್ದು ಪ್ರೀತಿಗೋ ತಮಾಷೆಗೋ ಅಂತ ನಾನು ಓದಿದ ಯಾವುದರಲ್ಲೂ ಇರಲಿಲ್ಲ. ಹುಡುಗರ ಕಥೆ ಹೇಳಿದೆ. ಅಪ್ಪ ತಲೆ ಆಡಿಸಿದರು.

"ಮೊದ್ಲು ಅಣಕಿಸೇ ಇರ್ತಾರೆ ಬುಡು. ಐಕ್ಳು ಅಲ್ವಾ. ನಿಮ್ಮ ಹಾಸ್ಟೆಲ್ ಐಕ್ಳು ಮಾಡ್ತಿದ್ರಲ್ಲ, ಅಂಗೆ."

ನನಗೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಯ್ತು. ನಮ್ಮ ಪಕ್ಕದಲ್ಲೇ ಯಾವುದೋ ಕುಟುಂಬ ಸಾಲಾಗಿ ನಿಂತು ಶಾಕಾ ಹಾಕಿ, ಒಂದು ಎರಡು ಮೂರು ಅಂತ ಎಣಿಸ್ತಿತ್ತು.

"ನಾನೂ ಮಾಡಿದ್ದೆ ಅಪ್ಪ," ಅಂದೆ. ದನಿ ನನಗೇ ಕೇಳಿಸಲಿಲ್ಲ.

"ಕಂಡಿದ್ದೆ. ಟಿಫನ್ ಕ್ಯಾರಿಯರ್ ಮರ್ತು ವಾಪಸ್ ಬಂದಿದ್ದೆ ಅವತ್ತು. ಕಿಟಕೀಲಿ ಕಾಣ್ತು." ಅಪ್ಪ ನನ್ನ ಕಡೆ ನೋಡಲಿಲ್ಲ, ಪ್ರತಿಮೆಯನ್ನೇ ನೋಡ್ತಿದ್ದರು. "ಅದ್ಕೇ ನೀನು ಬಸ್ ಸ್ಟ್ಯಾಂಡಿಗೆ ಬಾ ಅಂದಾಗ ಸರಿ ಅಂದೆ. ಅಷ್ಟು ಐಕ್ಳ ನಡುವೆ ನೀನೊಬ್ನೇ ಏನ್ ಮಾಡೀಯೆ."

ಹದಿಮೂರು ವರ್ಷ ಆಗಿತ್ತು. ಆ ಹದಿಮೂರು ವರ್ಷದಲ್ಲಿ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದಾರೆ, ಮದುವೆ ಮಾಡಿದ್ದಾರೆ, ಒಂದು ದಿನವೂ ಆ ಮಾತು ಬಂದಿರಲಿಲ್ಲ. ನಾನು ಏನೋ ಹೇಳೋಕೆ ಹೊರಟೆ, ಬರಲಿಲ್ಲ. ಅಪ್ಪ ಪಕ್ಕದ ಕುಟುಂಬವನ್ನು ನೋಡ್ತಿದ್ದರು. ಅಜ್ಜ, ಅಜ್ಜಿ, ಮೂರು ಮಕ್ಕಳು.

"ಇವ್ರಿಗೆಲ್ಲ ಐದೂ ಬೆರಳು ಅವೆ ಕಣ್ಲಾ," ಅಂದರು. "ಆದ್ರೂ ಮಡಚ್ಕೊಂಡವ್ರೆ."

ಆ ಕುಟುಂಬದ ಅಜ್ಜ ಅಪ್ಪನನ್ನು ನೋಡಿ ನಕ್ಕು, ನಿಮ್ಮಿಬ್ಬರದೂ ಒಂದು ಫೋಟೊ ತೆಗೀಲಾ ಅಂತ ಸನ್ನೆಯಲ್ಲೇ ಕೇಳಿದರು. ಅಪ್ಪ ಬೇಡ ಅಂತ ತಲೆ ಆಡಿಸಿದರು. ನಾನೂ ಒತ್ತಾಯ ಮಾಡಲಿಲ್ಲ. "ಹಸಿವಾಯ್ತದೆ ನಡಿ" ಅಂತ ಕಾರಿನ ಕಡೆ ಹೊರಟೇಬಿಟ್ಟರು.

ಕಹುಕುವಿಗೆ ಈಗ ಜನ ಹೋಗೋದು ಸಕ್ಕರೆಗಲ್ಲ, ಸೀಗಡಿಗೆ. ರಸ್ತೆ ಪಕ್ಕ ಟ್ರಕ್ ನಿಲ್ಲಿಸಿಕೊಂಡು ಬೆಳ್ಳುಳ್ಳಿ ಹಾಕಿ ಹುರಿದ ಸೀಗಡಿ, ಎರಡು ಗುಂಡು ಅನ್ನ ಕೊಡ್ತಾರೆ. ಆ ಗುಂಡು ಅನ್ನ ನೋಡಿ ಅವ್ವ "ಮುದ್ದೆ ಹಂಗೇ ಐತಲ್ಲ" ಅಂದರು. ಅವತ್ತು ಶನಿವಾರವಾದ್ದರಿಂದ ಅವ್ವನಿಗೆ ಬರೀ ಅನ್ನ, ಮನೆಯಿಂದ ತಂದ ಚಟ್ನಿಪುಡಿ. ಸೀಗಡಿ ಸುಲಿಯೋಕೆ ಎರಡು ಕೈ ಬೇಕು. ಬೆಂಚಿನ ಮೇಲೆ ಎಲ್ಲರೂ ಕೈ ಮುಖ ಎಲ್ಲ ಎಣ್ಣೆ ಮಾಡಿಕೊಂಡು ತಿಂತಿದ್ದರು, ಯಾರೂ ಯಾರನ್ನೂ ನೋಡ್ತಿರಲಿಲ್ಲ. ಅಪ್ಪ ಒಂದು ನಿಮಿಷ ನೋಡಿ, ಜೇಬಿನಿಂದ ಬಲಗೈ ತೆಗೆದು ಸುಲಿದು ತಿಂದರು. ನನ್ನ ತಟ್ಟೆಗೂ ಎರಡು ಹಾಕಿದರು. ನಾನು ಸುಲಿಯೋದು ನಿಧಾನ ಅಂತ ಚಿಕ್ಕಂದಿನಿಂದಲೂ ಅವರಿಗೆ ಗೊತ್ತು.

ಬಿಲ್ಲೆ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಅದಕ್ಕೆ ಡಬ್ಬಿ ಹುಡುಕೋದೇ ಒಂದು ಕೆಲಸವಾಯ್ತು. ಮೊದಲು ಸಿಕ್ಕಿದ್ದು ಬೆರಳ ತುದಿಯಷ್ಟು ಚಿಕ್ಕದು, ಹೆಸರು ಬರೆಯುವ ಚೀಟಿಯನ್ನೇ ಸುರುಳಿ ಸುತ್ತಿ ತುರುಕಿದ್ದರು. ಪ್ರವಾಸಿಗಳು ಜಾಸ್ತಿ ಇರುವ ಕಡೆ ಹೆಚ್ಚಾಗಿ ಅಂಥವೇ. ಎರಡನೆಯದು ನೀರು ನುಗ್ಗಿ ಕೊಳೆತಿತ್ತು. ಮೂರನೆಯದು ಸಮುದ್ರದ ದಂಡೆಯ ಒಂದು ಪಾರ್ಕಿನಲ್ಲಿ. ಎಲ್ಲಿ ಅಂತ ಹೇಳುವ ಹಾಗಿಲ್ಲ, ಆಟ ಕೆಡುತ್ತೆ. ಈ ಸಲ ನಾನು ಹುಡುಕುವ ನಾಟಕವೂ ಮಾಡಲಿಲ್ಲ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಎರಡು ಸುತ್ತು ಹಾಕಿ, ಕಲ್ಲುಗಳ ಸಂದಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಎಳೆದರು.

"ಕೊಡಿಲ್ಲಿ ಬಿಲ್ಲೆ."

ಕೊಟ್ಟೆ. ಅಪ್ಪ ಅದನ್ನು ಬಲಗೈಯ ಹೆಬ್ಬೆರಳು, ಉಂಗುರದ ಅರ್ಧ ಬೆರಳ ನಡುವೆ ಹಿಡಿದು ಆ ಚಿತ್ರವನ್ನು ಇನ್ನೊಂದು ಸಲ ನೋಡಿದರು. ಶರ್ಟಿಗೆ ಒರೆಸಿದರು. ಡಬ್ಬಿಯೊಳಗೆ ಇಟ್ಟು, "ಮುಚ್ಚಳ ಗಟ್ಟಿಯಾಗಿ ಒತ್ತು, ನೀರು ಹೋಯ್ತದೆ" ಅಂದರು. ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಅವರೂ ಸಹಿ ಹಾಕಿದರು. ಎಡಗೈ ಸಹಿ, ಇಪ್ಪತ್ತು ವರ್ಷದಿಂದ ಬ್ಯಾಂಕಿನಲ್ಲಿ ಹಾಕುವ ಅದೇ ಓರೆ ಸಹಿ. ಕನ್ನಡದಲ್ಲಿ.

ರಾತ್ರಿ ವೈಕಿಕಿಯ ರೂಮಿನಲ್ಲಿ ಕೂತು ಲಾಗ್ ಹಾಕಿದೆ. ಬಿಲ್ಲೆ ತಲುಪಿತು, ತಡವಾಗಿದ್ದಕ್ಕೆ ಕ್ಷಮಿಸಿ. ಜರ್ಮನಿಯವರು ಅರ್ಧ ಗಂಟೆಯಲ್ಲೇ ಉತ್ತರ ಬರೆದರು. ಬಹಳ ಸಂತೋಷ, ಫೋಟೊ ಇದೆಯಾ? ಇಲ್ಲ ಅಂತ ಬರೆದೆ. ಯಾಕೆ ಅಂತ ಅವರು ಕೇಳಲಿಲ್ಲ. ಅವತ್ತೇ ರಾತ್ರಿ ಹಾಸ್ಟೆಲ್ ವಿಷಯ ಹೆಂಡತಿಗೆ ಹೇಳಿದೆ. ಅವಳು ಎಲ್ಲ ಕೇಳಿ, "ಮಾವ ಊಟಕ್ಕೆ ಕೊನೆಗೆ ಯಾಕೆ ಕೂರ್ತಾರೆ ಅಂತ ನನಗೆ ಮೂರು ವರ್ಷದಿಂದ ಅನುಮಾನ ಇತ್ತು. ನನ್ನನ್ನು ಕಂಡರೆ ಸಂಕೋಚ ಅಂದ್ಕೊಂಡಿದ್ದೆ" ಅಂದಳು.

ಅಪ್ಪ ಅವ್ವ ಫೆಬ್ರವರಿ ಕೊನೆಗೆ ಊರಿಗೆ ಹೋದರು. ಟವಲ್ ಮತ್ತೆ ಕೈಮೇಲೆ ಬಂದಿದೆ, ವಿಡಿಯೊ ಕಾಲ್‌ನಲ್ಲಿ ಕಾಣುತ್ತೆ. ಆದರೆ ಭಾನುವಾರ ಫೋನ್ ಮಾಡಿದರೆ ಮಳೆ, ಕಬ್ಬಿನ ರೇಟು, ಅವ್ವನ ಮಂಡಿನೋವು ಎಲ್ಲ ಆದಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತೆ.

"ಆ ಬಿಲ್ಲೆ ಎಲ್ಲೈತ್ಲಾ ಈಗ?"

ನಾನು ಆ್ಯಪ್ ತೆಗೆದು ನೋಡಿ ಹೇಳ್ತೀನಿ. ಮಾರ್ಚ್‌ನಲ್ಲಿ ಯಾರೋ ಅದನ್ನು ಕವಾಯಿ ದ್ವೀಪಕ್ಕೆ ತಗೊಂಡು ಹೋದರು. ಆಮೇಲೆ ಎರಡು ತಿಂಗಳು ಸುದ್ದಿ ಇರಲಿಲ್ಲ, ಕಳೆದೇ ಹೋಯ್ತು ಅಂದ್ಕೊಂಡಿದ್ದೆವು. ಇಂಥ ಬಿಲ್ಲೆಗಳು ಎಷ್ಟೋ ಹಾಗೇ ಯಾರದೋ ಡ್ರಾಯರ್ ಸೇರಿಬಿಡುತ್ತವೆ. ಹೋದ ವಾರ ಮತ್ತೆ ಕಾಣಿಸಿತು. ಯಾರೋ ಮೀನು ಹಿಡಿಯುವವರ ಫೋಟೊ, ಒದ್ದೆ ಕೈ, ಶಾಕಾ.

"ಅವನ್ಗೂ ಐದೂ ಬೆರಳು ಅವಾ?" ಅಂತ ಕೇಳಿದರು ಅಪ್ಪ.

ಫೋಟೊ ದೊಡ್ಡದು ಮಾಡಿ ನೋಡಿದೆ. "ಮಡಚ್ಕೊಂಡವ್ನೆ ಅಪ್ಪ, ಗೊತ್ತಾಗ್ತಿಲ್ಲ."

"ಕಳ್ಸು, ನಾನೇ ನೋಡ್ತೀನಿ."